ಒಣಗದ ಗಂಟು

ಟ್ವೀಡ್ ಹೊಳೆಯಲ್ಲಿ ಟ್ರೌಟ್ ಮೀನು ಹಿಡಿಯಲು ನಾವು ದಾರದ ತುದಿಗೆ ಗಾಳದ ಮುಳ್ಳಿಗೆ ಗರಿ ಸುತ್ತಿ ಮಾಡಿದ ಹುಸಿ ನೊಣ ಕಟ್ಟುತ್ತೇವೆ. ನನ್ನದನ್ನು ಯಾವಾಗಲೂ ಅಣ್ಣ ಫರ್ಗಸ್ಸೇ ಕಟ್ಟುತ್ತಿದ್ದ. "ನಿನ್ ಕೈಗೇನ್ ಬೆಣ್ಣೆ ಸವರಿದಾರಾ? ಕೊಡಿಲ್ಲಿ," ಎಂದು ಕಸಿದುಕೊಂಡು, ಗಂಟನ್ನು ಬಾಯಲ್ಲಿ ಒದ್ದೆ ಮಾಡಿ ಬಿಗಿಯುತ್ತಿದ್ದ. ಹೋದ ವರ್ಷ ಅದೇ ಹೊಳೆ ಅವನನ್ನು ಒಯ್ದಿತು.

ಈ ಸಲ ಎಲೆ ಉದುರುವ ಹೊತ್ತಿಗೆ ಒಬ್ಬನೇ ಹೋದೆ. ಸಂಜೆಯ ಚಳಿಗೆ ಬೆರಳು ಮರಗಟ್ಟಿ ದಾರ ಪೋಣಿಸಲು ಆಗಲಿಲ್ಲ. ಗಾಳದ ಕೋಲು, ದಾರ, ನೊಣ ಎಲ್ಲವನ್ನೂ ಬಂಡೆಯ ಮೇಲಿಟ್ಟು, ಅಭ್ಯಾಸಬಲದಿಂದ, "ಕಟ್ಕೊಡೋ ಅಣ್ಣ," ಎಂದೆ. ಕೈ ಉಜ್ಜಿಕೊಂಡು ತಿರುಗಿದರೆ ನೊಣ ಕಟ್ಟಿಯಾಗಿತ್ತು. ಗಂಟು ಒದ್ದೆಯಾಗಿತ್ತು, ಬೆಚ್ಚಗಿತ್ತು.

ಆ ಕೋಲನ್ನು ಮನೆಗೆ ತಂದು ಬೆಂಕಿಗೂಡಿನ ಮೇಲೆ ತೂಗುಹಾಕಿದೆ. ಅತ್ತಿಗೆ ಐಲ್ಸಾ ಗಂಟು ಮುಟ್ಟಿ ನೋಡಿ, "ಇದನ್ನ ಬಿಚ್ಬೇಡ ಕಣೋ," ಎಂದರು.

ಹಿಮ ಬಿದ್ದು ಕರಗಿತು. ಗಂಟು ಇನ್ನೂ ಒಣಗಿಲ್ಲ.