ಆರುನೂರು ಲೀಟರಿನ ಟ್ಯಾಂಕ್

ಅಕ್ಟೋಬರ್ ಹತ್ತು, ಶುಕ್ರವಾರ. ಮಧ್ಯಾಹ್ನ ಎರಡೂವರೆಗೆ ಕೆರ್ಕೆನ್ನಾ ದ್ವೀಪದ ಪೊಲೀಸ್ ಠಾಣೆಗೆ ರಯೀಸ್ ಜಲ್ಲೂಲ್ ಓಡಿ ಬಂದ. ದೋಣಿಯ ಯಜಮಾನನನ್ನು ನಮ್ಮಲ್ಲಿ ರಯೀಸ್ ಅನ್ನುವುದು. ಮೈಮೇಲೆ ಶುಕ್ರವಾರದ ನಮಾಜಿನ ಬಿಳಿ ಜುಬ್ಬಾ, ಮೊಣಕಾಲಿನ ತನಕ ಒದ್ದೆ, ಕಾಲಲ್ಲಿ ಒಂದೇ ಚಪ್ಪಲಿ.

"ಸಾರ್, ನನ್ನ ಟ್ಯಾಂಕ್ ಕದ್ದುಬಿಟ್ರು!"

ಇನ್ಸ್‌ಪೆಕ್ಟರ್ ಲಸ್ಸಾದ್ ಆಗಷ್ಟೇ ಗೋಧಿ ರವೆಯ ಕುಸ್‌ಕುಸ್ ತಟ್ಟೆಗೆ ಚಮಚ ಹಾಕಿದ್ದ. ವಾರವಿಡೀ ಒಣ ರೊಟ್ಟಿ ತಿಂದು ಶುಕ್ರವಾರಕ್ಕೆ ಕಾಯುವ ಮನುಷ್ಯ. ಹೊಟ್ಟೆ ಉರಿಯದೆ ಇರುತ್ತದೆಯೇ?

"ನೀರಿನದಾ?"

"ಡೀಸೆಲ್‌ದು ಸಾರ್. ದೋಣೀದು. ಹೊಚ್ಚ ಹೊಸಾದು."

"ಯಾವಾಗ?"

"ನಮಾಜಿಗೆ ಹೋಗುವಾಗ ಇತ್ತು. ಬರೋಷ್ಟರಲ್ಲಿ ಇಲ್ಲ."

ಲಸ್ಸಾದ್ ತಟ್ಟೆ ಮುಚ್ಚಿಟ್ಟು FIR ಬರೆದುಕೊಂಡ. ಕಳುವಾದ ವಸ್ತು: ಉಕ್ಕಿನ ಡೀಸೆಲ್ ಟ್ಯಾಂಕ್, ಒಂದು. ಹಿಡಿಸುವುದು ಆರುನೂರು ಲೀಟರ್. ಸ್ಥಳ: ಉಸ್ತಾದ್ ತಿಜಾನಿ ದೋಣಿ ರಿಪೇರಿ ಮಾಡುವ ದಡ. ಶಂಕಿತರು: ಗೊತ್ತಿಲ್ಲ.

ಮೂರು ಗಂಟೆಗೆ ಕಾನ್‌ಸ್ಟೇಬಲ್ ಶಾಕರ್‌ನನ್ನು ಕರೆದುಕೊಂಡು ಲಸ್ಸಾದ್ ದಡಕ್ಕೆ ಹೋದ. ಲಸ್ಸಾದ್ ಸಮುದ್ರದಾಚೆಯ ಸ್ಫಾಕ್ಸ್ ಪಟ್ಟಣದವನು, ಇಲ್ಲಿಗೆ ಬಂದು ಎಂಟು ವರ್ಷವಾದರೂ ಜನರ ಬಾಯಲ್ಲಿ 'ಹೊಸ ಇನ್ಸ್‌ಪೆಕ್ಟರ್'. ಶಾಕರ್ ಈ ಮಣ್ಣಿನ ಮಗ. ದ್ವೀಪದ ನಾಯಿಗಳಿಗೂ ಅವನ ಪರಿಚಯವಿತ್ತು.

ಜಲ್ಲೂಲನ ದೋಣಿ ದಡದ ಮೇಲೆ ನಿಂತಿತ್ತು. ಮೂವತ್ತೈದು ವರ್ಷದ ಮರದ ದೋಣಿ, ಅಪ್ಪನ ಕಾಲದ್ದು. ಡೆಕ್ಕಿನ ಹಲಗೆಗಳನ್ನು ಕಿತ್ತು ಪಕ್ಕದಲ್ಲಿ ಜೋಡಿಸಿದ್ದರು. ತುಕ್ಕು ತಿಂದ ಹಳೆಯ ಟ್ಯಾಂಕನ್ನು ಒಳಗೇ ತುಂಡು ತುಂಡು ಮಾಡಿ ಹೊರಗೆ ಎಸೆದಿದ್ದರು. ದೋಣಿಯ ಹೊಟ್ಟೆ ಆಕಾಶಕ್ಕೆ ಬಾಯಿ ಬಿಟ್ಟುಕೊಂಡು ಕೂತಿತ್ತು.

"ಹದಿನೈದಕ್ಕೆ ಆಕ್ಟೋಪಸ್ ಹಂಗಾಮು ಶುರು ಸಾರ್," ಅಂದ ಜಲ್ಲೂಲ್. "ಮೊದಲ ವಾರ ಸಿಕ್ಕಿದ್ದೇ ಸಿಕ್ಕಿದ್ದು. ಅಳತೆ ಕೊಟ್ಟು ಸ್ಫಾಕ್ಸ್‌ನಲ್ಲಿ ಮಾಡಿಸಿದ ಟ್ಯಾಂಕ್ ಅದು, ಇನ್ನೊಂದು ಮಾಡ್ಸೋಕೆ ತಿಂಗಳು ಬೇಕು. ಅಷ್ಟರಲ್ಲಿ ಮಳೆ ಬಂದ್ರೆ ದೋಣಿ ಕತೆಯೂ ಮುಗೀತು, ನನ್ನ ಕತೆಯೂ ಮುಗೀತು."

ದಡದ ಚಹಾ ಅಂಗಡಿಯವನನ್ನೂ ಬಲೆ ಹೊಲಿಯುವ ಮುದುಕನೊಬ್ಬನನ್ನೂ ಪಂಚರಾಗಿ ಕೂರಿಸಿ ಪಂಚನಾಮೆ ಮಾಡಿದರು. ರಸ್ತೆಯ ಕಡೆ ಗಾಡಿಯ ಚಕ್ರದ ಗುರುತಿಲ್ಲ, ಎಳೆದುಕೊಂಡು ಹೋದ ಗೀರೂ ಇಲ್ಲ. ಟ್ಯಾಂಕನ್ನು ದೋಣಿಯ ತನಕ ಉರುಳಿಸಿಕೊಂಡು ಹೋಗಲು ಆಗುವ ಹಾಗೆ ದುಂಡು ಮರಗಳ ಮೇಲೆ ಇಳಿಜಾರಿನಲ್ಲಿ ಇಟ್ಟಿದ್ದರಂತೆ. ಆ ಮರಗಳಲ್ಲಿ ಎರಡು ನೀರಿನಲ್ಲಿ ತೇಲುತ್ತಿದ್ದವು.

ಲಸ್ಸಾದ್ ಅವನ್ನೇ ನೋಡುತ್ತ ನಿಂತ. "ಉಸ್ತಾದ್, ಖಾಲಿ ಟ್ಯಾಂಕ್ ತೇಲುತ್ತಾ?"

ತಿಜಾನಿ ಎಪ್ಪತ್ತು ದಾಟಿದ ಬಡಗಿ. ನಕ್ಕರು. "ಮುಚ್ಚಳ ಹಾಕಿದ್ರೆ ನಿಮ್ಮನ್ನೂ ಮೇಲೆ ಕೂರಿಸ್ಕೊಂಡು ತೇಲುತ್ತೆ."

"ನಮಾಜಿನ ಹೊತ್ತಿಗೆ ನೀರು ಎಲ್ಲಿತ್ತು?"

"ಭರತ, ನೀರು ಪೂರ್ತಿ ಏರಿತ್ತು. ಇಗೋ, ಈ ಮರದ ಬುಡದ ತನಕ."

ಒಂದು ತಳ್ಳು ಸಾಕಿತ್ತು ಅಂತಾಯಿತು. ಕಳ್ಳ ಬಲಶಾಲಿಯಾಗಿರಬೇಕಿಲ್ಲ. ಹಗ್ಗವೊಂದು ಕೈಲಿದ್ದರೆ ಆಯಿತು. ನಮ್ಮ ಸಮುದ್ರವೋ, ಅರ್ಧ ಮೈಲಿ ನಡೆದರೂ ಸೊಂಟ ಮುಳುಗದು.

"ಆ ಹೊತ್ತಲ್ಲಿ ಮಸೀದಿಗೆ ಬಾರದವರು ಯಾರ್ಯಾರು?" ಲಸ್ಸಾದ್ ಶಾಕರ್‌ನನ್ನು ಕೇಳಿದ.

"ಎಲ್ಲರೂ ಬಂದಿದ್ರು ಸಾರ್. ನನ್ನ ಹಿಂದಿನ ಸಾಲಲ್ಲಿ ಗುಜರಿಯವನು, ಅವನ ಪಕ್ಕದಲ್ಲಿ ವೆಲ್ಡರು. ಊರಿನ ಕಳ್ಳರೆಲ್ಲ ಒಂದೇ ಸಾಲಲ್ಲಿ ನಿಂತಿದ್ರು."

"ಹಾಗಾದ್ರೆ ಹೊರಗಿದ್ದವರು?"

"ಹೆಂಗಸರು, ಬೆಕ್ಕುಗಳು."

ಶಾಕರ್ ತಮಾಷೆಗೆ ಅಂದದ್ದು. ಲಸ್ಸಾದ್ ನಗಲಿಲ್ಲ.

ಶನಿವಾರ ಬೆಳಿಗ್ಗೆ ಅವನು ಮೊದಲು ಕರೆಸಿದ್ದು ದೂರು ಕೊಟ್ಟವನನ್ನೇ.

"ಹಳೇ ಟ್ಯಾಂಕ್ ಎಷ್ಟು ಲೀಟರಿನದು?"

"ಮುನ್ನೂರು."

"ಹೊಸದು ಅದರ ಎರಡರಷ್ಟು. ಆಕ್ಟೋಪಸ್ ಸಿಗೋದು ಇಲ್ಲೇ ದಡದ ಹತ್ತಿರ. ಅಷ್ಟು ಡೀಸೆಲ್ ಹಾಕ್ಕೊಂಡು ಎಲ್ಲಿಗೆ ಹೋಗೋನಿದ್ದೆ?"

ಜಲ್ಲೂಲನ ಮುಖ ಬಿಳಿಚಿತು. ಕೆರ್ಕೆನ್ನಾದಲ್ಲಿ ದೊಡ್ಡ ಟ್ಯಾಂಕಿಗೆ ಒಂದೇ ಅರ್ಥ. ರಾತ್ರೋರಾತ್ರಿ ಜನರನ್ನು ತುಂಬಿಕೊಂಡು ಉತ್ತರಕ್ಕೆ, ಇಟಲಿಯ ದಡಕ್ಕೆ ಹೋಗುವವರಿಗೇ ಅದು ಬೇಕಾಗುವುದು. ಹೋದವರಲ್ಲಿ ಎಷ್ಟು ಮಂದಿ ದಡ ಮುಟ್ಟಿದರು ಅಂತ ನಮ್ಮ ಬೀದಿಗಳಲ್ಲಿ ಯಾರೂ ಗಟ್ಟಿಯಾಗಿ ಕೇಳುವುದಿಲ್ಲ.

"ಅಯ್ಯೋ ದೇವರೇ! ಬಂದರು ಕಚೇರಿಯ ಅನುಮತಿ ಇದೆ ಸಾರ್. ಕದ್ದವರನ್ನ ಹಿಡೀರಿ ಅಂತ ಬಂದ್ರೆ ನನ್ನನ್ನೇ ಹಿಡೀತೀರಲ್ಲ! ಉಸ್ತಾದರನ್ನೇ ಕೇಳಿ ಬೇಕಾದ್ರೆ."

ಕೇಳಿದಾಗ ತಿಜಾನಿ ಸಿಡುಕಿದರು. "ಆ ಕಾಲದ ದೋಣಿಗೆ ಮೊದಲು ಟ್ಯಾಂಕ್ ಇಟ್ಟು ಆಮೇಲೆ ಡೆಕ್ ಕಟ್ಟೋದು. ಬದಲಾಯಿಸಬೇಕು ಅಂದ್ರೆ ಹೊಟ್ಟೆ ಕುಯ್ಯಲೇಬೇಕು. ಒಂದು ಸಲ ಕುಯ್ದ ಮೇಲೆ ಒಳಗೆ ಎಷ್ಟು ಹಿಡಿಯುತ್ತೋ ಅಷ್ಟು ದೊಡ್ಡದು ಇಡು ಅಂತ ನಾನೇ ಹೇಳಿದ್ದು. ಎರಡು ಸಲ ಯಾರು ಕುಯ್ಸಿಕೊಳ್ತಾರೆ?"

"ಇದನ್ನ ಊರಲ್ಲಿ ಯಾರಿಗಾದ್ರೂ ಹೇಳಿದ್ರಾ?"

"ಯಾರು ಕೇಳಿದ್ರು?"

ಯಾರೂ ಕೇಳಿರಲಿಲ್ಲ. ಆದರೆ ಎಲ್ಲರೂ ನೋಡಿದ್ದರು. ಗುರುವಾರದ ಹಡಗಿನಿಂದ ಆ ಟ್ಯಾಂಕ್ ಇಳಿದಾಗ ಬೀದಿಯುದ್ದಕ್ಕೂ ಬಾಗಿಲುಗಳು ತೆರೆದುಕೊಂಡಿದ್ದವಂತೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ ಎಂದು ಒಬ್ಬಳು ಆಡಿಕೊಂಡಿದ್ದಳಂತೆ. ಇನ್ನುಳಿದವರು ಏನೂ ಅನ್ನದೆ ಬಾಗಿಲು ಹಾಕಿಕೊಂಡರು. ಅನ್ನದೆ ಇದ್ದವರ ಬಗ್ಗೆಯೇ ಲಸ್ಸಾದ್‌ಗೆ ಕುತೂಹಲ.

ತೇಲಿಸಿಕೊಂಡು ಹೋದ ಟ್ಯಾಂಕ್ ದೂರ ಹೋಗಿರಲಾರದು. ದಡದ ಎರಡೂ ಬದಿಗೆ ಶರ್ಫಿಯಾಗಳು. ಖರ್ಜೂರದ ಗರಿಗಳನ್ನು ಸಮುದ್ರದ ತಳಕ್ಕೆ ನೆಟ್ಟು ಮೀನು ಸಿಕ್ಕಿಬೀಳುವ ಹಾಗೆ ಕಟ್ಟಿದ ಬೇಲಿಗಳು. ಹೊಲದ ಹಾಗೆ ಅವಕ್ಕೂ ಹಕ್ಕುಪತ್ರವಿದೆ, ಅಪ್ಪನಿಂದ ಮಕ್ಕಳಿಗೆ ಬರುತ್ತವೆ. ಒಬ್ಬರ ಬೇಲಿಯೊಳಗೆ ಇನ್ನೊಬ್ಬರು ಕಾಲಿಟ್ಟದ್ದು ಕೇಳಿಲ್ಲ.

"ಒಂದೊಂದಾಗಿ ನೋಡ್ಕೊಂಡು ಬಾ," ಅಂದ ಲಸ್ಸಾದ್.

ಶಾಕರ್ ಎರಡು ಹೆಜ್ಜೆ ಹಿಂದೆ ಸರಿದ. "ಬೇರೆಯವರ ಶರ್ಫಿಯಾಕ್ಕೆ ನುಗ್ಗೋದಾ ಸಾರ್? ನಮ್ಮಪ್ಪ ಗೋರಿಯಿಂದ ಎದ್ದು ಬಂದು ಹೊಡೀತಾರೆ."

ಸರಿ, ಮಾಲೀಕರನ್ನೇ ಕೇಳೋಣ ಅಂತಾಯಿತು. ಭಾನುವಾರ ಪೂರ್ತಿ ಮನೆಮನೆ ಸುತ್ತಿದರು. ಎಲ್ಲರೂ ಚಹಾ ಕೊಟ್ಟರು, ಬಾರ್ಲಿ ರೊಟ್ಟಿ ಕೊಟ್ಟರು, "ಧಾರಾಳವಾಗಿ ನೋಡಿ" ಅಂದರು. ಸಿಕ್ಕಿದ್ದು ಒಂದು ಹರಿದ ಬಲೆ, ಯಾರದೋ ಪ್ಲಾಸ್ಟಿಕ್ ಕುರ್ಚಿ.

ಒಪ್ಪದವರು ಒಬ್ಬರೇ, ಊರವರೆಲ್ಲ ಚಿಕ್ಕಮ್ಮ ಅನ್ನುವ ಮಬ್ರೂಕಾ. ಜಲ್ಲೂಲನ ಹೆಂಡತಿ ವಹೀಬಾಳ ತಾಯಿ. ಅರವತ್ತೆಂಟು ವರ್ಷ, ಈಗಲೂ ಇಳಿತದ ಹೊತ್ತಿಗೆ ಮಂಡಿಯುದ್ದ ನೀರಲ್ಲಿ ನಿಂತು ಚಿಪ್ಪು ಹೆಕ್ಕುವ ಹೆಂಗಸು. ಗಂಡ ಬಿಟ್ಟುಹೋದ ಶರ್ಫಿಯಾ ಅವರ ಹೆಸರಲ್ಲಿತ್ತು.

"ನಂದರಲ್ಲಿ ಬೇಲಿಯೇ ನೆಟ್ಟಗಿಲ್ಲ. ನೋಡೋಕೇನಿದೆ ಮಣ್ಣು?"

"ಅಳಿಯನ ಟ್ಯಾಂಕ್ ಕಳುವಾಗಿದೆ ಚಿಕ್ಕಮ್ಮ," ಅಂದ ಲಸ್ಸಾದ್.

"ಹೋದ್ರೆ ಹೋಗ್ಲಿ. ಟ್ಯಾಂಕ್ ಹೋಯ್ತು, ಜೀವ ಹೋಗ್ಲಿಲ್ಲವಲ್ಲ!"

ಚಹಾ ಬೇಕಾ ಅಂತಲೂ ಕೇಳಲಿಲ್ಲ. ನಮ್ಮ ದ್ವೀಪದಲ್ಲಿ ಅದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ. ಸೋಮವಾರ ಲಸ್ಸಾದ್ ಸ್ಫಾಕ್ಸ್‌ನ ಸರ್ಕಾರಿ ವಕೀಲರ ಕಚೇರಿಗೆ ಬರೆದು ಶೋಧನಾ ವಾರಂಟ್ ತರಿಸಿಕೊಂಡ.

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಇಳಿತ. ಪಂಚರು ಬಂದರು, ತಿಜಾನಿ ಹಗ್ಗ ಹಿಡಿದು ಆಳುಗಳೊಂದಿಗೆ ಬಂದರು, ಮಬ್ರೂಕಾ ಚಿಕ್ಕಮ್ಮ ದಡದಲ್ಲಿ ಕೈಕಟ್ಟಿ ನಿಂತರು. ಲಸ್ಸಾದ್ ವಾರಂಟನ್ನು ಗಟ್ಟಿಯಾಗಿ ಓದಿ, "ನಡಿ" ಅಂದ. ಶಾಕರ್ ಪ್ಯಾಂಟು ಮಡಚಿಕೊಂಡು ನೀರಿಗಿಳಿದು ಬೇಲಿಯ ಬಾಯಿಯ ತನಕ ಹೋದವನು ಅಲ್ಲೇ ನಿಂತುಬಿಟ್ಟ.

"ಏನಾಯ್ತೋ?"

ಶಾಕರ್ ಇನ್ಸ್‌ಪೆಕ್ಟರನ್ನು ನೋಡಲಿಲ್ಲ. ಟೋಪಿ ತೆಗೆದು ದಡದ ಕಡೆ ತಿರುಗಿದ. "ಚಿಕ್ಕಮ್ಮಾ, ಒಳಗೆ ಬರಲಾ?"

ಕೈಯಲ್ಲಿ ಸರ್ಕಾರದ ಆಜ್ಞೆ, ಸೊಂಟದಲ್ಲಿ ಬೆಲ್ಟು, ಆದರೂ ಹುಡುಗ ಕೇಳುತ್ತಿದ್ದಾನೆ. ಮಬ್ರೂಕಾ ಚಿಕ್ಕಮ್ಮನ ಮುಖ ಕರಗಿಹೋಯಿತು. ಹಾಗೆ ಕೇಳಿದವನಿಗೆ ಸುಳ್ಳು ಹೇಳುವುದು ಅವರಿಂದಾಗಲಿಲ್ಲ.

"ಬಾರಪ್ಪಾ, ಬಾ. ಎಡಗಡೆ ಮೂಲೇಲಿ, ಗುಂಡಿ ಹತ್ರ ಇದೆ. ಜೋಪಾನ, ಕಾಲಿಗೆ ತಗಡು ತಾಗೀತು."

ಅಲ್ಲೇ ಇತ್ತು, ನೀರು ತುಂಬಿಕೊಂಡು ತಳದಲ್ಲಿ ಕೂತಿತ್ತು. ಕೊಳವೆಗಳಿಗೆ ಮುಚ್ಚಳಗಳು ಹಾಗೆಯೇ ಇದ್ದವು. ತೊಳೆಯಲು ಬಿಟ್ಟ ಕಿಂಡಿ ಮಾತ್ರ ತೆರೆದಿತ್ತು. ಆರು ಜನ ಸೇರಿ ಎತ್ತಿ ಪಕ್ಕಕ್ಕೆ ವಾಲಿಸಿದರು. ನೀರು ಬಡಬಡ ಸುರಿಯಿತು. ಕೊನೆಗೆ ಕಿಂಡಿಯಿಂದ ಒಂದು ಕಾಲು ಮೆಲ್ಲಗೆ ಹೊರಬಂತು, ಅದರ ಹಿಂದೆ ಇನ್ನೊಂದು, ಮತ್ತೊಂದು. ಎರಡು ಕಿಲೋಗೆ ಕಡಿಮೆಯಿಲ್ಲದ ಆಕ್ಟೋಪಸ್! ನಾಲ್ಕೇ ದಿನದಲ್ಲಿ ಮನೆ ಮಾಡಿಕೊಂಡಿತ್ತು.

"ಬೆಟ್ಟ ಅಗೆದು ಇಲಿ ಹಿಡಿದ್ರಂತೆ," ಅಂದರು ತಿಜಾನಿ, "ನಮ್ದೇ ವಾಸಿ."

ಪಂಚರಿಬ್ಬರ ಬಾಯಲ್ಲೂ ನೀರೂರಿತು. ಚಹಾ ಅಂಗಡಿಯವನು ಮೆಲ್ಲಗೆ ಬುಟ್ಟಿ ಹುಡುಕತೊಡಗಿದ.

"ಮುಟ್ಟಬೇಡಿ," ಅಂದ ಲಸ್ಸಾದ್. "ಹಂಗಾಮು ಶುರುವಾಗೋದು ನಾಳೆ. ಇವತ್ತು ಹಿಡಿದ್ರೆ ಇನ್ನೊಂದು ಕೇಸು."

ಪಂಚನಾಮೆಯಲ್ಲಿ ಹೀಗೆ ಬರೆಯಲಾಯಿತು: ಟ್ಯಾಂಕ್, ಒಂದು, ಹಾನಿಯಿಲ್ಲ. ಆಕ್ಟೋಪಸ್, ಒಂದು, ಜೀವಂತ, ಪಂಚರ ಸಮಕ್ಷಮ ಸಮುದ್ರಕ್ಕೆ ಬಿಡಲಾಗಿದೆ. ಅದು ಹೋದ ದಿಕ್ಕನ್ನು ಪಂಚರು ತುಂಬ ಹೊತ್ತು ನೋಡುತ್ತಿದ್ದರು.

ಹನ್ನೊಂದಕ್ಕೆ ಠಾಣೆಯಲ್ಲಿ ಬಂಧನದ ಕಾಗದಗಳಾದವು. ಶಾಕರ್ ಚಿಕ್ಕಮ್ಮನಿಗೆ ಕುರ್ಚಿ ಹಾಕಿ ಚಹಾ ತಂದುಕೊಟ್ಟ.

"ಒಬ್ರೇ ಮಾಡಿದ್ರಾ?" ಲಸ್ಸಾದ್ ಕೇಳಿದ.

"ಒಬ್ಬಳೇ. ತಳ್ಳೋದು ಸುಲಭ, ಎಳೆಯೋದೂ ಸುಲಭ. ಮುಳುಗಿಸೋದೇ ಸಾಕೋ ಸಾಕಾಯ್ತು. ಬಕೆಟ್ ಬಕೆಟ್ ನೀರು ಸುರಿದು ಸುರಿದು ಸೊಂಟ ಬಿದ್ದುಹೋಯ್ತು."

"ಯಾಕೆ ಮಾಡಿದ್ರಿ?"

ಚಿಕ್ಕಮ್ಮ ಚಹಾದ ಲೋಟ ಕೆಳಗಿಟ್ಟರು. "ನಮ್ಮ ಪಕ್ಕದ ಮನೆಯವರು ಗೊತ್ತಲ್ಲ? ಎರಡು ವರ್ಷದ ಹಿಂದೆ ಮನೆ ಮಂದಿಯೆಲ್ಲ ಹೊರಟುನಿಂತ್ರು. ಸ್ಫಾಕ್ಸಿಗೆ ಮದುವೆಗೆ ಹೋಗ್ತೀವಿ, ಎರಡು ದಿನ ಕೋಳಿ ನೋಡ್ಕೊಳ್ಳಿ ಅಂದ್ರು. ಕೋಳಿಗಳು ಇನ್ನೂ ನನ್ನ ಹತ್ರಾನೇ ಇವೆ. ಮೊನ್ನೆ ನಮ್ಮ ಅಳಿಯ ಆ ಟ್ಯಾಂಕ್ ತಂದ. ಅವತ್ತೇ ಸಂಜೆ ಬಂದು, ಅತ್ತೆ, ಸ್ಫಾಕ್ಸಲ್ಲಿ ಸ್ವಲ್ಪ ಕೆಲಸ ಇದೆ, ಮಕ್ಕಳನ್ನೂ ಕರ್ಕೊಂಡು ಹೋಗ್ತೀನಿ, ಎರಡು ದಿನ ನಮ್ಮ ಕೋಳಿ ನೋಡ್ಕೋತೀರಾ ಅಂದ. ನನ್ನ ಎದೆ ಒಡೆದುಹೋಯ್ತು ಸಾರ್. ನನಗಿರೋದು ಒಬ್ಬಳೇ ಮಗಳು. ಮೂರು ಮೊಮ್ಮಕ್ಕಳು. ಆ ನೀರು ನನಗೆ ಗೊತ್ತಿಲ್ವಾ? ದಡ ಮುಟ್ಟಿದ್ರೂ ನನ್ನ ಪಾಲಿಗಿಲ್ಲ, ಮುಟ್ಟದಿದ್ರೂ ಇಲ್ಲ."

ಅಷ್ಟರಲ್ಲಿ ವಹೀಬಾ ಬಂದಳು, ಹಿಂದೆಯೇ ಮಕ್ಕಳನ್ನು ಕಟ್ಟಿಕೊಂಡು ಜಲ್ಲೂಲ್. ಅವನು ಬಾಗಿಲಲ್ಲೇ ಕೂಗಿದ. "ಅತ್ತೇ! ಮಕ್ಕಳಿಗೆ ಚಪ್ಪಲಿ ತರೋಕೆ ಕಣ್ರೀ ನಾನು ಹೊರಟಿದ್ದು!"

"ನೀನು ಸುಮ್ಮನಿರು. ನಿನ್ನ ಮಾತು ನಾನು ನಂಬಲ್ಲ." ಚಿಕ್ಕಮ್ಮ ಮಗಳ ಕೈ ಹಿಡಿದುಕೊಂಡರು. "ನೀನು ಹೇಳೇ. ಹೋಗ್ತೀಯಾ?"

ವಹೀಬಾ ಒಂದು ಕ್ಷಣ ತಾಯಿಯನ್ನೇ ನೋಡಿದಳು. ಅವಳ ಕಣ್ಣು ತುಂಬಿತ್ತು, ಸಿಟ್ಟೂ ಬಂದಿತ್ತು.

"ಹೋಗೋದಿದ್ರೆ ಅವತ್ತೇ ಹೋಗ್ತಿದ್ವಿ ಅಮ್ಮಾ. ಪಕ್ಕದವರು ಅವರ ದೋಣೀಲಿ ನಮಗೆ ಐದು ಜಾಗ ಇಟ್ಟಿದ್ರು. ರಾತ್ರಿ ಬಂದು ಬಾಗಿಲು ತಟ್ಟಿದ್ರು. ಇವರು ಚೀಲಾನೂ ಕಟ್ಟಿದ್ರು. ನಾನೇ ಬಿಚ್ಚಿದೆ. ಅಮ್ಮನ್ನ ಬಿಟ್ಟು ಬರಲ್ಲ ಅಂದೆ."

ಜಲ್ಲೂಲ್ ತಲೆ ತಗ್ಗಿಸಿ ಹೌದೆಂದ. ಕಿರಿಯ ಮೊಮ್ಮಗಳು ಅಜ್ಜಿಯ ತೊಡೆ ಹತ್ತಿ ಕೂತು ಚಹಾದ ಲೋಟಕ್ಕೆ ಬೆರಳು ಹಾಕಿದಳು.

"ಎರಡು ವರ್ಷ!" ಚಿಕ್ಕಮ್ಮ ಕೊನೆಗೆ ಸಿಡಿದರು. "ಎರಡು ವರ್ಷದಿಂದ ದಿನಾ ಬೆಳಿಗ್ಗೆ ಎದ್ದು ನಿಮ್ಮ ಬಾಗಿಲು ತೆಗೆದಿದೆಯಾ ಅಂತ ನೋಡ್ತೀನಿ ಕಣೇ! ಒಂದು ಮಾತು ಹೇಳಬಾರದಿತ್ತಾ?" ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕರೋ ಅತ್ತರೋ, ಭುಜ ಮಾತ್ರ ಕುಲುಕುತ್ತಿತ್ತು.

ಬರೆದ FIR ನುಂಗಲಾಗುವುದಿಲ್ಲ. ಒಂದು ಗಂಟೆಯ ಹಡಗಿನಲ್ಲಿ ಚಿಕ್ಕಮ್ಮನನ್ನು ಸ್ಫಾಕ್ಸಿಗೆ ಕರೆದೊಯ್ದು ಸರ್ಕಾರಿ ವಕೀಲರ ಮುಂದೆ ಹಾಜರುಪಡಿಸಬೇಕಿತ್ತು. ದೂರು ಹಿಂತೆಗೆದುಕೊಳ್ಳುವ ಅರ್ಜಿಗೆ ಜಲ್ಲೂಲ್ ಆಗಲೇ ಸಹಿ ಹಾಕಿದ್ದ, ಸಂಜೆಯ ಹಡಗಿಗೇ ಬಿಟ್ಟು ಕಳುಹಿಸುತ್ತಾರೆ ಅಂತ ಲಸ್ಸಾದ್ ಧೈರ್ಯ ಹೇಳಿದ. ಟ್ಯಾಂಕನ್ನು ಸಿಹಿನೀರಲ್ಲಿ ತೊಳೆದು ಒಣಗಿಸಿ ಕೂರಿಸಲು ಎರಡು ದಿನ ಸಾಕೆಂದು ತಿಜಾನಿ ಆಗಲೇ ಕೆಲಸಕ್ಕೆ ಇಳಿದಿದ್ದರು.

ಲಸ್ಸಾದ್ ಹೇಳಿಕೆಯನ್ನು ಓದಿ ಹೇಳಿದ. "ಸರಿಯಾಗಿದೆಯಾ ಚಿಕ್ಕಮ್ಮ? ಇನ್ನೇನಾದ್ರೂ ಸೇರಿಸಬೇಕಾ?"

"ಸೇರಿಸಿ ಸಾರ್. ನನ್ನ ಮಗಳು ಹೋಗಲಿಲ್ಲ ಅಂತ ಬರೀರಿ."

ಕೇಸಿಗೂ ಆ ಮಾತಿಗೂ ಸಂಬಂಧವಿರಲಿಲ್ಲ. ಲಸ್ಸಾದ್ ಕೊನೆಯ ಸಾಲಾಗಿ ಅದನ್ನೂ ಬರೆದ. ಚಿಕ್ಕಮ್ಮ ಇನ್ನೊಮ್ಮೆ ಓದಿಸಿ ಕೇಳಿ, ಅದರ ಕೆಳಗೆ ಹೆಬ್ಬೆಟ್ಟು ಒತ್ತಿದರು.