ಮಡಿ ಪಂಚೆಯ ಮೇಲೆ ಸೀಮೆಸುಣ್ಣ

"ನಿಮಗೆ ತುಂಬಾ ಅಸಹ್ಯ ಅನ್ಸೋದು ಯಾವುದು? ಇಂಗ್ಲಿಷಲ್ಲಿ ಹೇಳಿ."

ಕೊನೆಯ ಬೆಂಚಿನ ಹೊಸಬ ಎದ್ದು ನಿಂತ. "ಐ ಹೇಟ್ ಉಪ್ಪಿಟ್ಟು, ಮೇಡಂ."

ತರಗತಿ ಗೊಳ್ಳೆಂದಿತು. ಪ್ರತಿಭಾ ನಗಲಿಲ್ಲ.

"ಉಪ್ಪಿಟ್ಟಿನ ಮೇಲೆ ಯಾರಿಗೂ ದ್ವೇಷ ಇರಲ್ಲ. ಬೇಜಾರು ಅಷ್ಟೆ."

"ಏಕಾದಶಿ ದಿನ ನಮ್ಮನೆಗೆ ಬಂದು ನೋಡಿ ಮೇಡಂ, ದ್ವೇಷವೇ ಬರುತ್ತೆ!"

ಈ ಸಲ ಅವಳಿಗೂ ತಡೆಯಲಾಗಲಿಲ್ಲ. ಮುಖ ತಿರುಗಿಸಿ, ಬೋರ್ಡಿನ ಕಡೆ ನಕ್ಕಳು.

ಹಾಸನದ ಬಸ್ ನಿಲ್ದಾಣದ ಹತ್ತಿರ, ಬಟ್ಟೆ ಅಂಗಡಿಯ ಮಹಡಿಯಲ್ಲಿ ನಡೆಯುವ ಸ್ಪೋಕನ್ ಇಂಗ್ಲಿಷ್ ಕ್ಲಾಸು ಅದು. ಪ್ರತಿಭಾ ಅಲ್ಲಿಯ ಮೇಡಂ. ದುದ್ದದ ಕಾಲೋನಿಯ ಹುಡುಗಿ. ಬಸ್ಸಿನಲ್ಲಿ ಓದಿಕೊಂಡೇ ಇಂಗ್ಲಿಷ್ ಎಂಎ ಮುಗಿಸಿದವಳು. ಹೊಸಬನ ಹೆಸರು ಕೇದಾರ್. ಹೊಳೆನರಸೀಪುರದ ದೇವಸ್ಥಾನದ ಬೀದಿಯವನು, ಖಾಸಗಿ ಶಾಲೆಯೊಂದರಲ್ಲಿ ಕನ್ನಡ ಮೇಷ್ಟ್ರು. ಇಂಗ್ಲಿಷ್ ಬರದವರು ಕನ್ನಡ ಕಲಿಸುವುದೂ ಬೇಡ ಎಂದಿತ್ತು ಆಡಳಿತ ಮಂಡಳಿ!

ಅವಳು ಬೋರ್ಡಿನ ಮೇಲೆ ಬರೆದಳು. ಹೇಟ್. ಲೋದ್. ಡಿಸ್ಪೈಸ್. ಅಬ್ಹಾರ್.

"ಲೋದ್ ಅಂದ್ರೆ ಹೊಟ್ಟೆ ತೊಳೆಸುವಂಥ ಹೇಸಿಗೆ. ಡಿಸ್ಪೈಸ್ ಮಾಡೋಕೆ ನೀವು ಮೇಲೆ ನಿಂತಿರಬೇಕು, ಕೆಳಗೊಬ್ಬರು ಇರಬೇಕು."

"ಅಬ್ಹಾರ್?" ಕೇದಾರ್ ಕೇಳಿದ.

"ಎದುರಿಗೆ ಬಂದದ್ದನ್ನ ಕಂಡು ಮೈ ಮುದುಡಿ ಹಿಂದೆ ಸರಿಯೋದು. ಅದಕ್ಕೆ ಮಾತು ಬೇಡ. ಕಾಲೇ ಹೇಳುತ್ತೆ."

"ನಿಘಂಟಿನಲ್ಲಿ ಇಷ್ಟು ವಿವರ ಇರುತ್ತಾ ಮೇಡಂ?"

"ನಿಘಂಟಲ್ಲಿ ಓದಿದ್ದಲ್ಲ," ಎಂದಷ್ಟೇ ಹೇಳಿದಳು.

ಅಂದಿನಿಂದ ಇಬ್ಬರೂ ಬಸ್ ನಿಲ್ದಾಣದವರೆಗೆ ಜೊತೆಯಾಗಿ ನಡೆಯತೊಡಗಿದರು. ಮಳೆಗಾಲದಲ್ಲಿ ಅಪ್ಪ ತೀರಿಕೊಂಡದ್ದನ್ನು ಅವನು ಹೇಳಿಕೊಂಡ. ಅವಳು ತಾನು ಅಜ್ಜಿಯೊಡನೆ ಇರುವುದನ್ನೂ ತನ್ನ ಕೇರಿ ಯಾವುದೆಂದೂ ಹೇಳಿದಳು. ಹೇಳಿ, ಅವನ ಕಾಲುಗಳನ್ನೇ ನೋಡಿದಳು.

ಕಾಲು ಕದಲಲಿಲ್ಲ.

"ನಿಮ್ಮಜ್ಜಿ ಕೈಯ ಮುದ್ದೆ ಯಾವಾಗ ಹಾಕಿಸ್ತೀರಿ?" ಎಂದ ಅವನು.

ಅಷ್ಟೇ ಸಾಕಾಯಿತು... ಆ ಸಂಜೆ ದುದ್ದದ ಬಸ್ಸಿನಲ್ಲಿ ಸೀಟು ಸಿಗದಿದ್ದರೂ ಪ್ರತಿಭಾಳಿಗೆ ಕಾಲು ನೋಯಲಿಲ್ಲ.

ಅವರೆಕಾಯಿಯ ಕಾಲ ಬಂತು. ಕೇದಾರ್ ಕ್ಲಾಸಿಗೆ ಬರುವುದು ನಿಂತಿತು. ಫೋನೂ ಎತ್ತಲಿಲ್ಲ. ಜ್ವರವೇ? ಏನಾಯಿತು ಇವನಿಗೆ? ತಡೆಯಲಾರದೆ ಒಂದು ಚೀಲ ಸೊಗಡಿನ ಅವರೆ ತುಂಬಿಕೊಂಡು ಹೊಳೆನರಸೀಪುರದ ಬಸ್ಸು ಹತ್ತಿದಳು.

ದೇವಸ್ಥಾನದ ಬೀದಿಯಲ್ಲಿ, ಮನೆಯ ಮುಂದೆ ಅವನೇ ಎದುರಾದ. ಹೇಮಾವತಿಯಿಂದ ಬರುತ್ತಿದ್ದ. ಒದ್ದೆ ಪಂಚೆ, ಹೆಗಲ ಮೇಲೆ ತುಂಬಿದ ಬಿಂದಿಗೆ.

"ಕೇದಾರ್!" ಅವಳು ಚೀಲ ಚಾಚಿ ಓಡಿದಳು.

ಅವನು ಥಟ್ಟನೆ ಒಂದು ಹೆಜ್ಜೆ ಹಿಂದೆ ಸರಿದ. "ಮುಟ್ಟಬೇಡಿ!"

ಬಿಂದಿಗೆಯ ನೀರು ತುಳುಕಿತು. ಅವಳೊಳಗೆ ಏನೋ ಆರಿಹೋಯಿತು. ಚೀಲವನ್ನು ಜಗಲಿಯ ಮೇಲಿಟ್ಟು ತಿರುಗಿ ನಡೆದಳು. 

ಸಂಜೆ ಮೆಸೇಜು ಬಂತು. "ಅಪ್ಪನ ಮಾಸಿಕ ಇತ್ತು. ಅದರ ಓಡಾಟದಲ್ಲಿ ಕ್ಲಾಸೂ ಫೋನೂ ಬಿಟ್ಟಿದ್ದೆ. ಮೊದಲ ವರ್ಷ ತಿಂಗಳಿಗೊಂದು ತಿಥಿ. ಮಡಿಯಲ್ಲಿದ್ದೆ. ಆ ಹೊತ್ತಿನಲ್ಲಿ ನನ್ನ ತಂಗಿ ಇಂಚರಳನ್ನೂ ಮುಟ್ಟುವ ಹಾಗಿಲ್ಲ. ತಪ್ಪು ತಿಳೀಬೇಡಿ..."

ಪ್ರತಿಭಾ ಬರೆದಳು. "ನಿಮ್ಮ ತಂಗಿಗೆ ಈ 'ಮುಟ್ಟಬೇಡಿ' ಊಟದ ಹೊತ್ತಿಗೆ ಮುಗಿಯುತ್ತೆ. ನಮ್ಮಜ್ಜಿಗೆ ಹುಟ್ಟಿದಾಗಿನಿಂದ ಮುಗಿದಿಲ್ಲ."



ಒಲೆಯ ಮುಂದಿದ್ದ ಅಜ್ಜಿ ದೊಡ್ಡತಾಯಮ್ಮ ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. "ಆವಯ್ಯನ್ನ ಕಂಡ್ರೆ ಈಗ ಏನನ್ಸುತ್ತವ್ವ?"

"ಗೊತ್ತಿಲ್ಲಜ್ಜಿ. ನಾನು ಕಲ್ಸೋ ಪದ ಯಾವುದೂ ಇದಕ್ಕೆ ಹೊಂದಲ್ಲ. ದ್ವೇಷ ಬಂದಿದ್ರೆ ಸುಲಭ ಆಗ್ತಿತ್ತು."

"ಅಂಗಾರೆ ಬಂದ್ರೆ ಬಾಗ್ಲಾಕ್ಬ್ಯಾಡ. ಅದೇನೇಳ್ತಾನೋ ಕೇಳು. ಆಮೇಲೆ ಬೇಕಾರೆ ಉಗ್ದು ಕಳ್ಸು ಕಣ್ ಮಗ."

ಒಂದು ತಿಂಗಳು ಕಳೆಯಿತು. ಭಾನುವಾರದ ಕ್ಲಾಸು ಮುಗಿಸಿ ಪ್ರತಿಭಾ ಬೋರ್ಡು ಒರೆಸುತ್ತಿದ್ದಳು. ಮೆಟ್ಟಿಲ ಮೇಲೆ ಬರಿಗಾಲ ಸದ್ದು.

ಬಾಗಿಲಲ್ಲಿ ಕೇದಾರ್. ಅದೇ ಮಡಿ ಪಂಚೆ, ಹೆಗಲ ಮೇಲೆ ಹೊದ್ದ ವಲ್ಲಿ.

"ಇವತ್ತೂ ಮಾಸಿಕ. ಕಾರ್ಯ ಮುಗಿಸಿದೆ, ಊಟಕ್ಕೆ ಕೂರದೆ ಎದ್ದು ಬಂದೆ. ಮಡಿ ಇನ್ನೂ ಬಿಟ್ಟಿಲ್ಲ."

"ಹೀಗೇ... ಬಸ್ಸಲ್ಲಿ?"

"ನಿಂತ್ಕೊಂಡೇ ಬಂದೆ. ಯಾರೋ ಕಾಲು ತುಳಿದ್ರು. ಪಕ್ಕದವರ ಚೀಲದಲ್ಲಿದ್ದ ಕೋಳಿ ಸೊಂಟ ಕುಕ್ಕಿತು."

ಅವಳ ತುಟಿ ಅದುರಿತು. ನಗಬಾರದೆಂದು ಡಸ್ಟರನ್ನು ಬಿಗಿಯಾಗಿ ಹಿಡಿದಳು.

"ನೀವು ಕೇಳಿದ ವಾಕ್ಯ ಬಾಕಿ ಇತ್ತು," ಎಂದ ಅವನು. "ಐ ಅಬ್ಹಾರ್ ದಟ್ ಸ್ಟೆಪ್. ಅವತ್ತು ನಾನು ಹಿಂದಿಟ್ಟ ಹೆಜ್ಜೆ. ಮಡಿ ಅಂತ ನೆಪ ಹೇಳಿದೆ. ಅದನ್ನ ನಮ್ಮ ಹಿರಿಯರು ಕಲಿಸಿದ್ದು ನಿಜ, ಆದರೆ ಕಾಲು ನಂದೇ ಆಗಿತ್ತು."

"ನಿಮ್ಮಮ್ಮಂಗೆ ಗೊತ್ತಾ?"

"ನಿಮ್ಮ ಹೆಸರು, ಊರು, ಕೇರಿ ಎಲ್ಲಾ ಹೇಳಿದೆ. ಉಳಿದ ತಿಥಿಗಳನ್ನ ಈ ಮಡಿ ಇಲ್ಲದೆ ಮಾಡ್ತೀನಿ ಅಂತಲೂ ಹೇಳಿದೆ. ಮಾತು ಬಿಟ್ಟಿದ್ದಾರೆ. ನಿಮ್ಮ ಅವರೆಕಾಯಿ ಮಾತ್ರ ಯಾರೂ ಬಿಸಾಡಲಿಲ್ಲ. ನಾನೇ ಸುಲಿದು ತಿಂದೆ."

"ನಾಳೆ ಹಗಲಲ್ಲಿ, ಎಲ್ಲರೂ ನೋಡೋ ಹಾಗೆ ನಮ್ಮ ಕಾಲೋನಿಗೆ ಬರ್ತೀರಾ? ನನಗಾಗಿ ಬೇಡ. ಅಜ್ಜಿ ಹತ್ರ ಕೂತು ಮಾತಾಡೋಕೆ."

"ಬರ್ತೀನಿ. ಅಮ್ಮ ಮಾತಾಡದಿದ್ರೂ ಬರ್ತೀನಿ. ಪ್ರತಿಭಾ... ನಿಮ್ಮನ್ನ ಪ್ರೀತಿಸ್ತೀನಿ. ಇದನ್ನ ಮಾತ್ರ ಇಂಗ್ಲಿಷಲ್ಲಿ ಹೇಳಕ್ಕಾಗಲ್ಲ."

ಕೆಳಗೆ ಅರಕಲಗೂಡಿನ ಬಸ್ಸಿಗೆ ಯಾರೋ ಕೂಗಿ ಕರೆಯುತ್ತಿದ್ದರು. ಅವಳು ಬಾಗಿಲವರೆಗೆ ನಡೆದು ಬಂದು ನಿಂತಳು. ಅವನ ಪಾದಗಳನ್ನು ನೋಡಿದಳು. ಅವು ಒಂದು ಹೆಜ್ಜೆ ಮುಂದೆ ಬಂದವು.

"ಬಸ್ಸಲ್ಲಿ ಕೆಡದ ಮಡಿ ನಾನು ಮುಟ್ಟಿದ್ರೆ ಕೆಡುತ್ತೆ," ಎಂದಳು.

"ಅದಕ್ಕೇ ಬಂದಿದ್ದು."

ಅವನ ಕೈ ಹಿಡಿದಳು. ಒಗೆದ ಪಂಚೆಯ ಮೇಲೆ ಬಿಳಿ ಪುಡಿ ಉದುರಿತು.

"ಅಯ್ಯೋ... ಕೈ ತುಂಬಾ ಸೀಮೆಸುಣ್ಣ."

"ಇರಲಿ ಬಿಡಿ," ಎಂದ ಕೇದಾರ್. "ಕೊಡವಲ್ಲ. ಇದೇ ಪಂಚೇಲಿ ಮನೆಗೆ ಹೋಗ್ತೀನಿ."