ರಟ್ಟೆ ತೋರಿಸೆಂದವನ ರಟ್ಟೆ

ಶೇವಂತಿಗೆ ನಾನು ಹೇಳಬೇಕೆಂದುಕೊಂಡಿದ್ದ ಮಾತು ಬೇರೆಯೇ ಇತ್ತು. ಎರಡು ವರ್ಷದಿಂದ ಅದನ್ನು ಬಾಯಲ್ಲಿಟ್ಟುಕೊಂಡೇ ತಿರುಗುತ್ತಿದ್ದೆ. ಕೊನೆಗೆ ಒಂದು ಸೋಮವಾರ ಬೆಳಿಗ್ಗೆ, ಕಾರ್ಖಾನೆಯ ಬಾಗಿಲಲ್ಲಿ, ನಲವತ್ತು ಮಂದಿಯ ಎದುರಿಗೆ ನನ್ನ ಬಾಯಿಂದ ಹೊರಬಿದ್ದದ್ದು ಇದು:

"ಮುಖದ ಗುರ್ತು ನಡಿಯೂದಿಲ್ಲ. ರಟ್ಟಿ ಮ್ಯಾಲ ಇರಬೇಕು."

ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ. ಆದರೂ ಬರೆಯುತ್ತೇನೆ. ಆಡುವಾಗ ಇಲ್ಲದ ನಾಚಿಕೆ ಬರೆಯುವಾಗ ಯಾಕೆ ಅಡ್ಡ ಬರಬೇಕು?

ಆಗ ನಾನು ಬನಹಟ್ಟಿಯ ಪಾಂಡಪ್ಪ ಸಾವಕಾರರ ಕೈಮಗ್ಗದ ಕಾರ್ಖಾನೆಯಲ್ಲಿ ಕಾರಕೂನ. ಜಮಖಂಡಿಯ ರಾಜರ ಆಡಳಿತ ಮುಗಿದು ನಾವು ಮುಂಬಯಿ ಸರಕಾರದ ಪ್ರಜೆಗಳಾಗಿ ನಾಲ್ಕು ವರ್ಷವಾಗಿತ್ತು. ಕುರಿ ಕಾಯುವ ನಮ್ಮ ಮನೆತನದಲ್ಲಿ ಮುಲ್ಕಿ ಪರೀಕ್ಷೆ ಪಾಸಾದವನು ನಾನೊಬ್ಬನೇ. ಅಣ್ಣ ಕರೆಪ್ಪ ರನ್ನ ಬೆಳಗಲಿಯಲ್ಲಿ ಕುರಿ ನೋಡಿಕೊಂಡಿದ್ದ. ನಾನು ಬಿಳಿ ಅಂಗಿಯ ತೋಳನ್ನು ಮಣಿಕಟ್ಟಿನತನಕ ಇಳಿಬಿಟ್ಟು, ಗುಂಡಿ ಹಾಕಿಕೊಂಡು, ನೂಲು ತೂಗಿ ಕೊಡುತ್ತಿದ್ದೆ. ಆ ತೋಳಿನ ಬಗ್ಗೆ ನನಗೆ ಬಹಳ ಜಂಬವಿತ್ತು.

ಶೇವಂತಿ ರಬಕವಿಯಿಂದ ನಡೆದು ಬರುತ್ತಿದ್ದಳು. ಲಾಳಿಯೊಳಗೆ ಕೂರುವ ಕಂಡಿಕೆಗಳಿಗೆ ನೂಲು ಸುತ್ತುವ ಕೆಲಸ ಅವಳದು. ಏಳನೆಯ ವಯಸ್ಸಿನಲ್ಲಿ ಅವಳಿಗೆ ಸಿಡುಬು ಬಂದಿತ್ತು. ನಮ್ಮ ಕಡೆ ಅದಕ್ಕೆ ದೇವಿ ಅನ್ನುತ್ತಾರೆ. ದೇವಿ ಹೋಗುವಾಗ ಎರಡೂ ಕೆನ್ನೆಯ ಮೇಲೆ ಸಣ್ಣ ಸಣ್ಣ ಕುಳಿ ಬಿಟ್ಟು ಹೋಗಿದ್ದಳು. ಮಂದಿ ಆ ಮುಖ ನೋಡಿ ಪಾಪ ಅನ್ನುತ್ತಿದ್ದರು. ನನಗೆ ಒಂದು ದಿನವೂ ಹಾಗನ್ನಿಸಲಿಲ್ಲ. ಅವಳು ನಗುವ ಮೊದಲು ಕಣ್ಣು ಸ್ವಲ್ಪ ಕಿರಿದಾಗುತ್ತಿತ್ತು, ಆಮೇಲೆ ಎಡಗೆನ್ನೆ ಮೇಲಕ್ಕೇರುತ್ತಿತ್ತು, ತುಟಿ ತೆರೆಯುವುದು ಕೊನೆಗೆ. ಅಷ್ಟು ಹೊತ್ತಿನಲ್ಲಿ ನನ್ನ ಕೈಯ ತಕ್ಕಡಿ ಎತ್ತಲೋ ವಾಲಿರುತ್ತಿತ್ತು.

"ಕಾರಕೂನರ, ತಕ್ಕಡಿ ನೋಡ್ರಿ. ನನ್ನ ಮುಖದಾಗ ತೂಕದ ಕಲ್ಲಿಲ್ಲ," ಅನ್ನುತ್ತಿದ್ದಳು.

ನೂಲು ಕಡಿಮೆ ಬಿದ್ದರೆ ಹೇಳು ಎಂದು ನಾನು ಗತ್ತಿನಿಂದ ಹೇಳಿದರೆ, ಯಾವಾಗಲೂ ಹೆಚ್ಚೇ ಬೀಳುತ್ತದೆ, ಅದಕ್ಕೇ ಹೇಳುತ್ತಿರುವುದು ಅಂದು ಸೆರಗು ಬಾಯಿಗಿಟ್ಟುಕೊಂಡು ಹೋಗುತ್ತಿದ್ದಳು. ನಮ್ಮ ಪ್ರೇಮವೆಂದರೆ ಅಷ್ಟೇ ಇತ್ತು. ಅಷ್ಟಕ್ಕೇ ನಾನು ದಿನವಿಡೀ ಉಬ್ಬಿಕೊಂಡಿರುತ್ತಿದ್ದೆ.

ಆ ವರ್ಷ ಯುಗಾದಿ ಕಳೆಯುತ್ತಲೇ ಮುಧೋಳದ ಕಡೆ ದೇವಿಬ್ಯಾನಿ ಎದ್ದಿತು. ಬೇನೆಯಿರುವ ಊರಿನ ಸೀರೆಯನ್ನು ಮುಟ್ಟುವುದಿಲ್ಲ ಎಂದು ಸೊಲ್ಲಾಪುರದ ವ್ಯಾಪಾರಿ ಕಾಗದ ಬರೆದ. ಸಾವಕಾರರು ಕೆಟ್ಟವರಲ್ಲ. ಹಿಂದಿನ ಸಲದ ಬೇನೆಯಲ್ಲಿ ಅವರು ಸ್ವಂತ ತಮ್ಮನ ಮಗಳನ್ನು ಮಣ್ಣು ಮಾಡಿ ಬಂದವರು. ಚಾವಡಿಯಲ್ಲಿ ಸರಕಾರದ ಡಾಕ್ಟರ ಬಂದು ಕೂತಿದ್ದಾನೆ, ದೇವಿ ತಾಗದಂತೆ ಪುಕ್ಕಟೆ ಚುಚ್ಚುತ್ತಾನೆ, ರಟ್ಟೆಯ ಮೇಲೆ ಚುಚ್ಚಿಸಿಕೊಂಡ ಗುರುತಿಲ್ಲದವರು ಸೋಮವಾರದಿಂದ ಒಳಗೆ ಕಾಲಿಡಕೂಡದು ಎಂದು ಅಪ್ಪಣೆ ಮಾಡಿದರು.

ಮಗ್ಗದವರಲ್ಲಿ ಹಿರಿಯನಾದ ಲಗಮಣ್ಣ ಎದ್ದು ನಿಂತ. ಚುಚ್ಚಿಸಿಕೊಂಡ ಎಂಟನೆಯ ದಿನಕ್ಕೆ ತೋಳು ಊದುತ್ತದೆ, ಜ್ವರ ಬರುತ್ತದೆ, ಮೂರು ನಾಲ್ಕು ದಿನ ಲಾಳಿ ಎಸೆಯಲು ಕೈ ಏಳುವುದಿಲ್ಲ, ಆ ದಿನಗಳ ಕೂಲಿ ಯಾರು ಕೊಡುತ್ತಾರೆ ಎಂದು ಕೇಳಿದ.

"ರಟ್ಟಿ ನಮ್ದು, ಜ್ವರಾ ನಮ್ದು, ಉಪಾಸಾನೂ ನಮ್ದು. ನಿಮ್ದೇನ್ರಿ ಇದರಾಗ?" ಅಂದ ಲಗಮಣ್ಣ.

"ಬಾಗಲಾ ನಂದು," ಅಂದರು ಸಾವಕಾರರು.

ಆ ಬಾಗಿಲಿಗೆ ನನ್ನನ್ನು ನಿಲ್ಲಿಸಿದರು. ಗುರುತು ನೋಡಿ ಹೆಸರು ಬರೆದುಕೊಳ್ಳಲು ಹೊಸ ವಹಿಯೊಂದನ್ನು ಕೊಟ್ಟರು. ಓದಿದವನು, ಮೊದಲು ನಿನ್ನ ಹೆಸರೇ ಬರೆ ಅಂದರು. ನಾನು ಬರೆದೆ: ಪರಮಾನಂದ, ಗುರುತು ಇದೆ.

ಗುರುತು ಇರಲಿಲ್ಲ. ನಾನು ಚಿಕ್ಕವನಿದ್ದಾಗ ಚುಚ್ಚುವವನು ಬಂದರೆ ಅಜ್ಜಿ ನನ್ನನ್ನು ಉಣ್ಣೆಯ ರಾಶಿಯಲ್ಲಿ ಹುದುಗಿಸಿಡುತ್ತಿದ್ದಳು. ದೊಡ್ಡವನಾದ ಮೇಲೆ ಅಜ್ಜಿಯ ನೆಪವೂ ಇರಲಿಲ್ಲ. ಸೂಜಿ ಕಂಡರೆ ಬರೇ ಹೆದರಿಕೆ. ಬಿಳಿ ಅಂಗಿಯ ಉದ್ದ ತೋಳು ಎಲ್ಲವನ್ನೂ ಮುಚ್ಚಿಕೊಂಡಿತ್ತು.

ಸೋಮವಾರ ಒಬ್ಬೊಬ್ಬರಾಗಿ ಬಂದರು. ಗಂಡಸರು ಅಂಗಿ ಸರಿಸಿ ತೋರಿಸಿದರು. ಹೆಣ್ಣುಮಕ್ಕಳು ಕುಪ್ಪಸದ ತೋಳನ್ನು ಎರಡು ಬೆರಳಷ್ಟು ಮೇಲೇರಿಸಿ, ಮುಖ ಗೋಡೆಯ ಕಡೆ ತಿರುಗಿಸಿ ನಿಂತರು. ನಾನು ದೊಡ್ಡ ಅಧಿಕಾರಿಯಂತೆ ಬಗ್ಗಿ ನೋಡಿ ನೋಡಿ ಒಳಗೆ ಬಿಡುತ್ತಿದ್ದೆ.

ಶೇವಂತಿ ತೋಳು ಮೇಲೇರಿಸಲಿಲ್ಲ. ತನ್ನ ಮುಖವನ್ನೇ ನನ್ನ ಕಡೆ ಎತ್ತಿದಳು. "ನನಗ ದೇವಿನ ಬಂದ ಹೋಗ್ಯಾಳ್ರಿ. ಇದಕ್ಕಿಂತ ದೊಡ್ಡ ಗುರ್ತು ಬೇಕೇನ್ರಿ?"

ಮುಖದಲ್ಲಿ ಕುಳಿ ಇದ್ದವರಿಗೆ ಚುಚ್ಚುವುದು ಬೇಕಿಲ್ಲ, ದೇವಿ ಎರಡು ಸಲ ಬರುವುದಿಲ್ಲ ಎಂದು ಚಾವಡಿಯ ಡಾಕ್ಟರನೇ ಹಿಂದಿನ ದಿನ ನನಗೆ ಹೇಳಿದ್ದ. ನನಗೆ ಗೊತ್ತಿತ್ತು. ಆದರೆ ಹಿಂದೆ ಸಾವಕಾರರು ನಿಂತಿದ್ದರು. ಇವಳಿಗೊಂದು ರಿಯಾಯಿತಿ ಕೊಟ್ಟರೆ ಮಂದಿ ನನ್ನ ತೋಳಿನ ಕಡೆಗೂ ನೋಡಿಯಾರು ಎಂಬ ಕಳ್ಳನ ಭಯ ಬೇರೆ. ಆಗ ಆ ಮಾತು ಬಂತು.

ಯಾರೋ ಹಿಂದಿನಿಂದ ಕಿಸಕ್ಕೆಂದರು. ಶೇವಂತಿಯ ಮುಖ ಮೊದಲು ಕೆಂಪಾಗಿ ಆಮೇಲೆ ಬಿಳಿಚಿತು. ಅವಳ ಕಣ್ಣು ನಿಧಾನವಾಗಿ ನನ್ನ ಮುಖದಿಂದ ಕುತ್ತಿಗೆಗೆ, ಕುತ್ತಿಗೆಯಿಂದ ತೋಳಿಗೆ ಇಳಿಯಿತು. ಎಡದೋಳಿನ ಮೇಲೆ ಒಂದು ಕ್ಷಣ ನಿಂತಿತು. ಏನೋ ಹೇಳುವವಳಂತೆ ತುಟಿ ತೆರೆದು, ಹೇಳದೆ ಹಿಂದಿರುಗಿ ಹೋದಳು.

ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ. ಹದಿನೈದು ದಿನ ಬಾರದವರ ಹೆಸರನ್ನು ತೆಗೆದು ಬೇರೆಯವರನ್ನು ಕೂರಿಸುವುದು ಕಾರ್ಖಾನೆಯ ಪದ್ಧತಿ. ಅವಳ ತಾಯಿ ಮಾಯವ್ವನಿಗೆ ಕಣ್ಣು ಮಂಜು. ಮನೆ ನಡೆಯುತ್ತಿದ್ದುದು ಶೇವಂತಿಯ ಕೈಯಿಂದಲೇ. ಗುರುವಾರ ಮಧ್ಯಾಹ್ನ ನಾನು ರಬಕವಿಗೆ ಹೋದೆ.

ಅವಳು ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕೂತುಕೋ ಅನ್ನಲಿಲ್ಲ. ನಾನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದ ಉಪದೇಶವನ್ನೆಲ್ಲ ಒಪ್ಪಿಸಿದೆ: ಪುಕ್ಕಟೆ ಚುಚ್ಚುತ್ತಾರೆ, ನಿನಗೇನೂ ನಷ್ಟವಿಲ್ಲ, ಸುಮ್ಮನೆ ಹಟ ಯಾಕೆ.

"ಚುಚ್ಚಾಂವನ ಬ್ಯಾಡ ಅಂತಾನ. ಅಂವ ನಿಮಗೂ ಹೇಳ್ಯಾನಂತ, ಖರೆ ಏನ್ರಿ?"

ನಾನು ತಲೆ ತಗ್ಗಿಸಿ ಹೌದೆಂದೆ.

"ಚುಚ್ಚಸ್ಕೊಂಡ್ರ ಕೆಲಸಾ ಸಿಗತೈತಿ, ಅದೂ ಖರೆ. ಆದ್ರ ಈ ಮುಖಾ ಸುಳ್ಳಂತ ನಾನ ಒಪ್ಪಿಕೊಂಡಂಗ ಆಗತೈತಿ." ಮೊರವನ್ನು ಕೆಳಗಿಟ್ಟಳು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು: "ಕಾರಕೂನರ, ಅಮಾಸಿಗೊಮ್ಮೆ ಹೊಳಿಗಿ ಜಳಕಕ್ಕ ಬರತೀರಲ್ಲ, ಆಗ ಅಂಗಿ ತಗೀತೀರೋ ಇಲ್ಲೋ?"

ನಾನು ಮಣಿಕಟ್ಟಿನ ಗುಂಡಿ ಮುಟ್ಟಿ ನೋಡಿಕೊಂಡೆ.

"ನಾನೂ ಅಲ್ಲೇ ಅರಿವಿ ಒಗೀತಿರತೇನಿ. ಎರಡು ವರ್ಷ ಆತು." ಇಷ್ಟು ಹೇಳುವಷ್ಟರಲ್ಲಿ ಅವಳ ಕಿವಿ ಕೆಂಪಾಯಿತು. ಆದರೂ ಮಾತು ನಿಲ್ಲಿಸಲಿಲ್ಲ. "ನಿಮ್ಮ ಎರಡೂ ರಟ್ಟಿ ನುಣ್ಣಗ ಅದಾವು."

ಎರಡು ವರ್ಷ ನಾನೊಬ್ಬನೇ ಅವಳನ್ನು ಕದ್ದು ನೋಡುತ್ತಿದ್ದೇನೆ ಎಂದುಕೊಂಡಿದ್ದೆ. ಅವಳೂ ನನ್ನನ್ನು ನೋಡುತ್ತಿದ್ದಳು. ಬೇರೆ ಯಾವ ದಿನ ಇದು ತಿಳಿದಿದ್ದರೂ ನಾನು ಕುಣಿದಾಡುತ್ತಿದ್ದೆ. ಅವತ್ತು ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು.

ಹಾಗಾದರೆ ಬಾಗಿಲಲ್ಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರ ನಿಮಗೂ ನನ್ನಂಗ ಆಗತಿತ್ತಲ್ರಿ, ಅಷ್ಟು ಮಂದಿ ಮುಂದ," ಅಂದಳು.

ಅಲ್ಲಿಂದ ಸೀದಾ ಸಾವಕಾರರ ಬಳಿ ಹೋದೆ. ಕದ ಮುಂದೆ ಮಾಡಿ, ಇಬ್ಬರೇ ಇದ್ದಾಗ ಎಲ್ಲ ಹೇಳಿದೆ. ಅಷ್ಟರಮಟ್ಟಿಗೆ ಧೈರ್ಯಸ್ಥ. ಅವರು ಬೈಯಲಿಲ್ಲ. ಇದು ಹೊರಗೆ ಬಿದ್ದರೆ ನಾಳೆಯಿಂದ ಒಬ್ಬನೂ ನನ್ನ ಮಾತು ಕೇಳುವುದಿಲ್ಲ, ನೀನು ಜಮಖಂಡಿಗೆ ಹೋಗಿ ಗುಟ್ಟಾಗಿ ಚುಚ್ಚಿಸಿಕೊಂಡು ಬಾ ಅಂದರು. ಶೇವಂತಿಯ ವಿಷಯ ಎತ್ತಿದೆ. ಒಬ್ಬಳನ್ನು ಬಿಟ್ಟರೆ ಎಲ್ಲರೂ ಒಂದೊಂದು ನೆಪ ತರುತ್ತಾರೆ, ಅವಳೂ ಚುಚ್ಚಿಸಿಕೊಳ್ಳಲಿ ಅಂದರು.

ನಾನು ಹೂಂ ಅಂದೆ. ಇದನ್ನೂ ಬರೆಯಲೇಬೇಕು.

ಮರುದಿನ ಬೆಳಿಗ್ಗೆ ಬಾಗಿಲಲ್ಲಿ ನಿಂತಿದ್ದಾಗ ಮಾಯವ್ವ ಬಂದಳು. ಮಗಳ ಕೈ ಹಿಡಿದು ಎಳೆದುಕೊಂಡು ಬಂದಿದ್ದಳು. ಎಲ್ಲರೆದುರಿಗೂ ನನಗೆ ಕೈ ಮುಗಿದು, ತಪ್ಪಾಯಿತು, ಈಗಲೇ ಚಾವಡಿಗೆ ಹೋಗಿ ಚುಚ್ಚಿಸಿಕೊಂಡು ಬರುತ್ತಾಳೆ, ಹೆಸರು ಮಾತ್ರ ತೆಗೆಯಬೇಡಿ ಅಂದಳು. ಆ ಕಣ್ಣಿಗೆ ನಾನು ಸರಿಯಾಗಿ ಕಾಣುತ್ತಲೂ ಇರಲಿಲ್ಲ. ಶೇವಂತಿ ನೆಲ ನೋಡುತ್ತಿದ್ದಳು. ಈ ಸಲ ಅವಳು ನನ್ನ ತೋಳಿನ ಕಡೆ ನೋಡಲೇ ಇಲ್ಲ. ಯಾರಿಗೂ ಸಂಶಯ ಬರಬಾರದೆಂದೇ ನೋಡಲಿಲ್ಲ.

ಅದನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ವಹಿಯನ್ನು ಲಗಮಣ್ಣನ ಕೈಗೆ ಕೊಟ್ಟೆ. ಮಣಿಕಟ್ಟಿನ ಗುಂಡಿ ಬಿಚ್ಚಿದೆ. ಅವಸರಕ್ಕೆ ಒಂದು ಗುಂಡಿ ಕಿತ್ತೇ ಬಂತು. ಎಡದೋಳು, ಬಲದೋಳು ಎರಡನ್ನೂ ಹೆಗಲತನಕ ಏರಿಸಿ ನಿಂತೆ.

"ನೋಡ್ರಿ. ನನಗ ಗುರ್ತಿಲ್ಲ. ವಹಿಯಾಗ ಸುಳ್ಳ ಬರದೇನಿ. ಚುಚ್ಚಸ್ಕೊಳ್ಳೂದು ಛಲೋನ ಐತಿ, ಚುಚ್ಚಸ್ಕೋರಿ, ನಾನೂ ಈಗ ಹೊಂಟೇನಿ. ಆದ್ರ ಶೇವಂತಿಗಿ ಅದು ಬೇಕಾಗಿಲ್ಲ. ಅದು ನನಗ ಮೊದಲ ಗೊತ್ತಿತ್ತು."

ಹಿಂದಿನಿಂದ ಯಾರೋ "ಪುರಾಣ ಹೇಳಾಕ, ಬದನಿಕಾಯಿ ತಿನ್ನಾಕ" ಅಂದರು. ನಗೆ ಎದ್ದಿತು. ಸೋಮವಾರ ತೋಳು ತೋರಿಸಲು ಗೋಡೆಗೆ ಮುಖ ಮಾಡಿದ್ದ ಹೆಂಗಸರೇ ಎಲ್ಲರಿಗಿಂತ ಜೋರಾಗಿ ನಕ್ಕರು. ನಗಲಿ ಅನ್ನಿಸಿತು. ಲಗಮಣ್ಣ ಮಾತ್ರ ನಗಲಿಲ್ಲ. ವಹಿಯನ್ನು ಹೊಸ್ತಿಲ ಮೇಲಿಟ್ಟು, ಜ್ವರದ ದಿನಗಳ ಕೂಲಿ ತೀರ್ಮಾನವಾಗದೆ ಏಳುವುದಿಲ್ಲ ಎಂದು ಅದರ ಪಕ್ಕದಲ್ಲೇ ಕೂತ. ಅವನ ಹಿಂದೆ ಮಗ್ಗದವರೆಲ್ಲ ಕೂತರು.

ಮಧ್ಯಾಹ್ನದವರೆಗೆ ಒಂದು ಮಗ್ಗವೂ ಆಡಲಿಲ್ಲ. ಕೊನೆಗೆ ಸಾವಕಾರರು ಹೊರಗೆ ಬಂದು, ಜ್ವರದ ದಿನಗಳಿಗೆ ಅರ್ಧ ಕೂಲಿ, ಮುಖದ ಮೇಲೆ ದೇವಿಯ ಕುಳಿ ಇದ್ದವರಿಗೆ ಚುಚ್ಚಿಸಿಕೊಳ್ಳಲೇಬೇಕೆಂಬ ಕಟ್ಟು ಇಲ್ಲ ಅಂದರು. ಉಳಿದವರಿಗೆ ಮಾತ್ರ ಅಪ್ಪಣೆ ಅಪ್ಪಣೆಯೇ. ಲಗಮಣ್ಣ ಪೂರ್ತಿ ಕೂಲಿ ಕೇಳಿದ್ದ, ಸಿಗಲಿಲ್ಲ. ನನ್ನ ಕಡೆ ತಿರುಗಿದ ಸಾವಕಾರರು, ಸುಳ್ಳು ಬರೆದ ಕೈ ನನಗೆ ಬೇಡ ಅಂದರು. ಅದು ನ್ಯಾಯವೇ ಆಗಿತ್ತು.

ಚಾವಡಿಯಲ್ಲಿ ಸೂಜಿ ಕಂಡು ಕಣ್ಣು ಮುಚ್ಚಿಕೊಂಡೆ. ಎಂಟನೆಯ ದಿನ ತೋಳು ಊದಿತು, ಜ್ವರ ಬಂತು. ಬಾಡಿಗೆ ಖೋಲಿಯಲ್ಲಿ ಕಂಬಳಿ ಹೊದ್ದು ಬಿದ್ದಿದ್ದೆ. ಸಂಜೆ ಕೆಲಸ ಬಿಟ್ಟು ಹೋಗುವಾಗ ಶೇವಂತಿ ಬಾಗಿಲಾಚೆ ಬಂದು ನಿಂತಳು. ಒಳಗೆ ಬರಲಿಲ್ಲ. ಪಕ್ಕದ ಮನೆಯ ಸಿದ್ದಕ್ಕನ ಕೈಯಲ್ಲಿ ಗಂಜಿ ಕೊಟ್ಟು ಕಳಿಸಿದಳು. ಅಲ್ಲಿಂದಲೇ ಹಣಕಿ ನೋಡಿದಳು. ಕಣ್ಣು ಕಿರಿದಾಯಿತು, ಎಡಗೆನ್ನೆ ಏರಿತು.

"ಭಾಳ ನೋಯ್ತೈತೇನ್ರಿ?"

ರಟ್ಟೆಯಲ್ಲ, ಅವತ್ತು ಆಡಿದ ಮಾತು ನೋಯುತ್ತದೆ ಅಂದೆ. ನಿನ್ನ ಮುಖವನ್ನು ದಿನಾ ನೋಡಬೇಕೆಂದು ಆಸೆಪಟ್ಟವನು ನಾನು, ಅಂಥ ಮುಖಕ್ಕೇ ಹಾಗೆ ಆಡಿಬಿಟ್ಟೆ ಅಂದೆ. ಎರಡು ವರ್ಷದ ಮಾತು ಜ್ವರದ ಬಾಯಲ್ಲಿ ಹೀಗೆ ಹೊರಬಂತು. ಸಿದ್ದಕ್ಕ ಗಂಜಿಯ ಪಾತ್ರೆ ಹಿಡಿದುಕೊಂಡು ಹಾಗೇ ನಿಂತಿದ್ದಳು.

ಶೇವಂತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದಳು. "ಜ್ವರಾ ಇಳದ ಮ್ಯಾಲ ನಿಮ್ಮಣ್ಣನ್ನ ಕಳಸರಿ. ಕೆಲಸಾ ಇಲ್ಲಂತ ನಮ್ಮವ್ವ ಒಲ್ಲೆ ಅಂತಾಳ. ಮತ್ತೊಮ್ಮೆ ಕಳಸರಿ."

ಅಣ್ಣ ಹೆಣ್ಣು ಕೇಳಲು ಎರಡು ಸಲ ಹೋಗಿ ಬಂದ. ಎರಡೂ ಸಲ ಮಾಯವ್ವ ಒಲ್ಲೆ ಅಂದಳು. ಅಷ್ಟರೊಳಗೆ ಲಗಮಣ್ಣ ನನ್ನನ್ನು ತನ್ನ ಮನೆಯ ಮಗ್ಗದಲ್ಲಿ ಕೂರಿಸಿಕೊಂಡು ನೇಯುವುದನ್ನು ಕಲಿಸತೊಡಗಿದ್ದ. ಮೂರನೆಯ ಸಲ ಮಾಯವ್ವ, ಕೆಲಸದ ಮಾತು ಬಿಡಿ, ಹುಡುಗನೇ ಬರಲಿ, ಬಾಗಿಲಲ್ಲಿ ನನ್ನ ಮಗಳಿಗೆ ಏನು ಅಂದನೋ ಅದನ್ನು ತನ್ನ ಬಾಯಿಂದಲೇ ಹೇಳಲಿ ಎಂದು ಹೇಳಿ ಕಳಿಸಿದಳು.

ಹೋದೆ. ಓಣಿಯ ಹಿರಿಯರು ಕಂಬಳಿ ಹಾಸಿಕೊಂಡು ಕೂತಿದ್ದರು. ಅಣ್ಣ ಪಕ್ಕದಲ್ಲಿದ್ದ. ನಾನು ಮಾತನ್ನು ಬದಲಿಸಲಿಲ್ಲ, ಮೆತ್ತಗೂ ಮಾಡಲಿಲ್ಲ. ಆಡಿದ ಹಾಗೇ ಹೇಳಿದೆ. ಅಣ್ಣನಿಗೆ ಅದು ಗೊತ್ತಿರಲಿಲ್ಲ. ಅವನು ನನ್ನಿಂದ ಸ್ವಲ್ಪ ಸರಿದು ಕೂತ. ಮಾಯವ್ವ, ಕೇಳಿಸಲಿಲ್ಲ, ಇನ್ನೊಮ್ಮೆ ಹೇಳು ಅಂದಳು. ಇನ್ನೊಮ್ಮೆ ಹೇಳತೊಡಗಿದೆ. ಮಾತು ಅರ್ಧಕ್ಕೆ ಬಂದಿತ್ತು.

ಆಗ ಶೇವಂತಿ ಒಳಗಿನಿಂದ ಬಂದಳು. ಇಂಥ ಹೊತ್ತಿನಲ್ಲಿ ಹುಡುಗಿ ಹಿರಿಯರ ಮುಂದೆ ಬಂದು ಬಾಯಿ ತೆರೆಯುವ ರೂಢಿ ನಮ್ಮಲ್ಲಿಲ್ಲ. ಅವಳು ಬೆಲ್ಲದ ತಾಟನ್ನು ನನ್ನ ಮುಂದಿಟ್ಟು, ಆ ಮುಖವನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ನಿಂತಳು.

"ಸಾಕ ಬಿಡಬೇ ಯವ್ವ," ಅಂದಳು. "ನಾ ಒಪ್ಪೇನಿ."